ಅಂಗಾತ ಓದಿದ ನಕ್ಷೆ

ಮನುಷ್ಯನಿಗೆ ಮೂರು ದಿನದ ತರಬೇತಿಯಷ್ಟು ಅಪಾಯಕಾರಿಯಾದದ್ದು ಇನ್ನೊಂದಿಲ್ಲ. ಒಂದು ದಿನದ್ದಾದರೆ ಮನೆಗೆ ಬರುವಷ್ಟರಲ್ಲಿ ಮರೆತುಹೋಗುತ್ತದೆ. ಮೂರು ವರ್ಷದ್ದಾದರೆ ತನಗೆ ಏನೇನು ಗೊತ್ತಿಲ್ಲ ಎಂಬುದಾದರೂ ಗೊತ್ತಾಗುತ್ತದೆ. ಮೂರು ದಿನದ್ದು ಮಾತ್ರ ಎಲ್ಲೂ ನಿಲ್ಲದೆ ಸೀದಾ ನೆತ್ತಿಗೇರುತ್ತದೆ.

ಸ್ವಿಚ್ಚಣ್ಣನಿಗೆ ಏರಿದ್ದು ಹಾಗೆ. ಹದಿನೇಳು ವರ್ಷದಿಂದ ಆತ ಒಂದು ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯ ಕೌಂಟರಿನಲ್ಲಿ ನಿಂತಿದ್ದ. ಯಾರು ಬಲ್ಬು ಕೇಳಿದರೂ ಹೋಲ್ಡರಿಗೆ ಸಿಕ್ಕಿಸಿ, ಟಕ್ ಎಂದು ಹೊತ್ತಿಸಿ, ಟಕ್ ಎಂದು ಆರಿಸಿ, "ನೋಡ್ಕೊಂಬಿಡಿ, ಆಮೇಲೆ ಬಂದು ಕೇಳೋ ಹಾಗಿಲ್ಲ" ಎಂದು ಕೊಡುವುದು ಅವನ ಉದ್ಯೋಗ. ಅದರಿಂದಲೇ ಬೀದಿಯವರಿಗೆಲ್ಲ ಆತ ಸ್ವಿಚ್ಚಣ್ಣ. ಒಂದು ಸಲ ದೀಪದ ಕಂಪನಿಯವರು 'ಮನೆ ಹಾಗೂ ವಾಣಿಜ್ಯ ಸ್ಥಳಗಳ ಬೆಳಕು ವಿನ್ಯಾಸ' ಎಂದು ಮೂರು ದಿನದ ತರಬೇತಿ ಇಟ್ಟರು. ಮಾಲೀಕರು ಹೋಗಬೇಕಾಗಿತ್ತು. ಅವರಿಗೆ ಸೊಂಟ ಹಿಡಿದುಕೊಂಡಿತು. ಸ್ವಿಚ್ಚಣ್ಣ ಹೋದ.

ಮರಳಿ ಬಂದವನು ಬೇರೆಯೇ ಮನುಷ್ಯ. ಕೈಯಲ್ಲಿ ಚಿನ್ನದಂಚಿನ ಸರ್ಟಿಫಿಕೇಟು. ಅದಕ್ಕೆ ಗಾಜಿನ ಕಟ್ಟು ಹಾಕಿಸಿ, ನಡುಮನೆಯ ಗೋಡೆಗೆ ತಗುಲಿಸಿ, ಮೇಲೊಂದು ಪುಟ್ಟ ದೀಪ ಇಟ್ಟ. ದೀಪದ ಬೆಳಕು ಗಾಜಿಗೆ ಬಡಿದು ಎಷ್ಟು ಚೆನ್ನಾಗಿ ಹೊಳೆಯುತ್ತಿತ್ತೆಂದರೆ, ಒಳಗೆ ಏನು ಬರೆದಿದೆ ಎಂಬುದನ್ನು ಇಂದಿನವರೆಗೆ ಒಬ್ಬರೂ ಓದಿಲ್ಲ.

ಅಡುಗೆಮನೆಯ ಟ್ಯೂಬ್‌ಲೈಟು ಮೊದಲ ದಿನವೇ ಇಳಿಯಿತು. ಅದರ ಜಾಗಕ್ಕೆ ಮೂಲೆಯಲ್ಲಿ ನಾಚಿಕೊಂಡಂತೆ ಮಿಣುಕುವ ಎರಡು ದೀಪ ಬಂದವು.

"ರೀ," ಎಂದಳು ಹೆಂಡತಿ, "ನಾನು ಕ್ಯಾರೆಟ್ ಹೆಚ್ತಿದೀನೋ ಬೆರಳು ಹೆಚ್ತಿದೀನೋ ಒಂದ್ಸಲ ಬಂದು ನೋಡಿ ಹೇಳಿ."

"ಬೆಳಕು ಅಂದ್ರೆ ಕಾಣೋದಲ್ಲ ಕಣೇ. ಬೆಳಕು ಅಂದ್ರೆ ಭಾವನೆ."

"ಹಾಗಾದ್ರೆ ಇವತ್ತು ಸಾರಿಗೆ ಉಪ್ಪೂ ಭಾವನೆಯಿಂದಲೇ ಹಾಕ್ತೀನಿ."

ಹಾಕಿದಳು ಕೂಡ. ಟ್ಯೂಬ್‌ಲೈಟು ಮರುದಿನ ಮೇಲೇರಿತು. ಹೀಗೆ ಸ್ವಂತ ಮನೆಯಲ್ಲಿ ಮನ್ನಣೆ ಸಿಗದ ಪ್ರತಿಭೆ ಹೊರಗೆ ಜಾಗ ಹುಡುಕತೊಡಗಿತು. ಸಿಕ್ಕಿದ್ದು ಮಾವನ ಅಂಗಡಿ.

ಮಾವನದು ಪೇಂಟ್ ಅಂಗಡಿ. ಮೂವತ್ತೈದು ವರ್ಷದ್ದು. ಈ ಮಾವನ ಕಣ್ಣಿನ ಬಗ್ಗೆ ನಾಲ್ಕು ಮಾತು ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ಯಾರಾದರೂ ಗೋಡೆಯಿಂದ ಎದ್ದ ಉಗುರಿನಷ್ಟು ಹೆಕ್ಕಳೆಯನ್ನು ಕಾಗದದಲ್ಲಿ ಸುತ್ತಿ ತಂದುಕೊಟ್ಟರೆ, ಅದನ್ನು ಎರಡು ಬೆರಳಲ್ಲಿ ಹಿಡಿದು, ಬಾಗಿಲಿಗೆ ಬಂದು, ಒಂದು ಕಣ್ಣು ಮುಚ್ಚಿ, "ಇನ್ನೂರ ಹನ್ನೆರಡು. ಅದಕ್ಕೆ ಒಂದು ಹನಿ ಹಳದಿ, ಅರ್ಧ ಹನಿ ಕಪ್ಪು" ಎನ್ನುತ್ತಿದ್ದರು. ಅರ್ಧ ಹನಿ ಬೀಳಿಸುವುದು ಹೇಗೆಂದು ಕೇಳಿದರೆ, "ಹನಿ ಬೀಳೋಕೆ ಮುಂಚೆ ಅದಕ್ಕೆ ಗೊತ್ತಾಗಬೇಕು, ನಾವು ನೋಡ್ತಿದೀವಿ ಅಂತ" ಎನ್ನುವರು. ಬಣ್ಣ ಕಲಸಲು ಅವರ ಹತ್ತಿರ ಇದ್ದದ್ದು ಒಂದು ಮರದ ಕಡ್ಡಿ, ಎರಡು ಕಣ್ಣು. ಗಿರಾಕಿಗಳ ಹೆಸರು ಅವರಿಗೆ ನೆನಪಿರುತ್ತಿರಲಿಲ್ಲ; ಮನೆ ಬಣ್ಣದ ನಂಬರು ಮರೆಯುತ್ತಿರಲಿಲ್ಲ. ದಾರಿಯಲ್ಲಿ ಸಿಕ್ಕವರನ್ನು, "ಓ! ನೂರ ಎಂಟು! ಹೇಗಿದೀರಿ? ನಿಮ್ಮ ಪಕ್ಕದ್ಮನೆ ಎಪ್ಪತ್ತಾರಕ್ಕೆ ಹುಷಾರಿಲ್ವಂತೆ?" ಎಂದು ವಿಚಾರಿಸುತ್ತಿದ್ದರು. ಹಾಗೆ ಕರೆಸಿಕೊಂಡವರೂ ಎದೆಯುಬ್ಬಿಸಿಯೇ ನಡೆಯುತ್ತಿದ್ದರು.

ಇಂಥ ಅಂಗಡಿಗೆ ಹೊಸ ರೂಪ ಕೊಡಬೇಕೆಂದು ಹಿರಿಯಳಿಯ ಹೊರಟ. ಈತ ಸ್ವಿಚ್ಚಣ್ಣನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ. ಇಂಟೀರಿಯರ್ ಡಿಸೈನರು. ಅವನ ವಿಸಿಟಿಂಗ್ ಕಾರ್ಡು ಎಷ್ಟು ದಪ್ಪವೆಂದರೆ ಅಲುಗಾಡುವ ಮೇಜಿನ ಕಾಲಿಗೆ ಒಂದೇ ಸಾಕು. ಬಾಗಿಲ ತುಂಬ ಬರುತ್ತಿದ್ದ ಬಿಸಿಲಿಗೆ ಕಪ್ಪು ಗಾಜು ಹಾಕಿಸಿದ. ಮೇಲೆ ಫಾಲ್ಸ್ ಸೀಲಿಂಗ್ ಕಟ್ಟಿಸಿದ. ಎಡಗೋಡೆಗೆ ಉದ್ದಕ್ಕೂ ನಂಬರು ಹಾಕಿದ ಬಣ್ಣದ ಮಾದರಿಗಳ, ಅಂದರೆ ಶೇಡ್ ಕಾರ್ಡುಗಳ ರ‍್ಯಾಕು, ಅದರ ಪಕ್ಕ ಬಣ್ಣ ಕಲಸುವ ಕಟ್ಟೆ. ಬಲಗೋಡೆಗೆ ಗಿರಾಕಿಗಳು ಕೂರುವ ಸೋಫಾ. ಇಷ್ಟಾಗುವಾಗ ಬೇರೆ ಊರಲ್ಲಿ ಹೋಟೆಲೊಂದರ ಕೆಲಸ ಬಂದು ಎರಡು ತಿಂಗಳು ಹೊರಟುನಿಂತ. "ದೀಪ ಎಲ್ಲೆಲ್ಲಿ ಬರಬೇಕು ಅಂತ ಸೀಲಿಂಗ್ ಡ್ರಾಯಿಂಗಲ್ಲಿ ಬರೆದಿದೀನಿ ಮಾವ. ನನ್ನ ಕಡೆಯೋರನ್ನ ಕಳಿಸ್ತೀನಿ" ಎಂದ.

ಸ್ವಿಚ್ಚಣ್ಣ ಗಂಟಲು ಸರಿಮಾಡಿಕೊಂಡ. "ಮಾವ, ಮನೇಲೇ ಬೆಳಕಿರುವಾಗ ಹೊರಗಿಂದ ಯಾಕೆ ತರಿಸ್ಬೇಕು?"

ಮಾವ ಕಿರಿಮಗಳ ಮುಖ ನೋಡಿದರು. ಕಿರಿಮಗಳು ಸೀಲಿಂಗು ನೋಡಿದಳು.

"ಆಗಲಿ ಅಳಿಯಂದ್ರೇ," ಎಂದರು ಮಾವ, ಪ್ರೈಮರ್ ಹಚ್ಚದ ಗೋಡೆಗೆ ಪೇಂಟ್ ಬಳಿಯಲು ಒಪ್ಪಿದವರ ದನಿಯಲ್ಲಿ.

ಡ್ರಾಯಿಂಗು ಸರಳವಾಗಿಯೇ ಇತ್ತು. ಒಂದು ಕಡೆ ಹನ್ನೆರಡು ಬಿಳಿ ದೀಪ, ಹಗಲಿನಂಥವು. ಇನ್ನೊಂದು ಕಡೆ ಹನ್ನೆರಡು ಹಳದಿ ದೀಪ, ಸಂಜೆಯಂಥವು. ವೈರ್‌ಮನ್ ಏಣಿ ಹತ್ತಿ ನಿಂತು, "ಬಿಳೀದು ಯಾವ ಕಡೆ ಸಾರ್?" ಎಂದು ಕೇಳಿದ. ಎಂಟನೇ ಕ್ಲಾಸು ಓದಿದ ಯಾರಾದರೂ ಕಾಗದವನ್ನು ಮೇಜಿನ ಮೇಲೆ ಹರಡಿ ಉತ್ತರ ಹೇಳುತ್ತಿದ್ದರು. ಆದರೆ ಸ್ವಿಚ್ಚಣ್ಣ ತರಬೇತಿ ಪಡೆದವನು.

"ಇದು ನೆಲದ ನಕ್ಷೆಯಲ್ಲಪ್ಪ, ಸೀಲಿಂಗಿಂದು. ಸೀಲಿಂಗು ಎಲ್ಲಿರುತ್ತೆ?"

"ಮೇಲೆ ಸಾರ್."

"ಮೇಲಿರೋದನ್ನ ಹೇಗೆ ನೋಡಬೇಕು?"

"ಕತ್ತೆತ್ತಿ ಸಾರ್."

"ಕತ್ತೆತ್ತಿದ್ರೆ ಕತ್ತು ನೋಯುತ್ತೆ. ವಿನ್ಯಾಸಕರು ಹೇಗೆ ನೋಡ್ತಾರೆ ನೋಡು."

ಎಂದು ಹೇಳಿ ಸ್ವಿಚ್ಚಣ್ಣ ಚಪ್ಪಲಿ ಬಿಟ್ಟು, ಹೊಸ ನೆಲದ ಮೇಲೆ ಅಂಗಾತ ಮಲಗಿ, ಡ್ರಾಯಿಂಗನ್ನು ಎರಡೂ ಕೈಯಲ್ಲಿ ಮುಖದ ಮೇಲೆ ಎತ್ತಿ ಹಿಡಿದ. ಅಲ್ಲಿಂದ ಕಾಲ್ಬೆರಳಲ್ಲಿ ದಿಕ್ಕು ತೋರಿಸುತ್ತ, "ಬಿಳೀದು ಆ ಕಡೆಗೆ! ಸೋಫಾ ಕಡೆಗೆ! ಹಳದೀದು ರ‍್ಯಾಕ್ ಕಡೆಗೆ!" ಎಂದು ಆಜ್ಞೆ ಮಾಡಿದ.

ಓದುಗರು ಬೇಕಾದರೆ ಈಗಲೇ ಎದ್ದು ಪರೀಕ್ಷೆ ಮಾಡಿ ನೋಡಬಹುದು. ನಿಂತು ಬಗ್ಗಿ ನೋಡುವವನಿಗೆ ಬಲಗಡೆ ಇದ್ದದ್ದು, ಅದೇ ದಿಕ್ಕಿಗೆ ತಲೆಯಿಟ್ಟು ಅಂಗಾತ ಮಲಗಿದವನಿಗೆ ಎಡಗಡೆಯಾಗುತ್ತದೆ. ಇಡೀ ಅಂಗಡಿಯ ಬೆಳಕು ಹೀಗೆ ಒಬ್ಬ ಮನುಷ್ಯ ಮಗ್ಗುಲು ಬದಲಾಯಿಸಿದಷ್ಟು ಸುಲಭವಾಗಿ ಅದಲುಬದಲಾಯಿತು.

ವೈರ್‌ಮನ್ನಿಗೆ ಸ್ವಲ್ಪ ಅನುಮಾನ ಬಂತು. "ಸಾರ್, ಬಣ್ಣ ನೋಡೋ ಜಾಗಕ್ಕೆ ಹಳದಿ ಲೈಟಾ?"

"ದೊಡ್ಡೋರು ಬರೆದಿರೋ ಡ್ರಾಯಿಂಗ್‌ನ ಪ್ರಶ್ನೆ ಮಾಡಬಾರದು. ಸರಕು ಶ್ರೀಮಂತವಾಗಿ ಕಾಣ್ಬೇಕು ಅಂತ ಭಾವ ಯೋಚನೆ ಮಾಡಿದಾರೆ. ನಿನಗೂ ನನಗೂ ಅದೇ ವ್ಯತ್ಯಾಸ."

"ಏನು ಸಾರ್?"

"ನಾನು ಮಲಗಿದೀನಿ, ನೀನು ನಿಂತಿದೀಯ."

ದೀಪ ಹೊತ್ತಿಸಿದ ದಿನ ಅಂಗಡಿ ನಿಜಕ್ಕೂ ನೋಡುವಂತಿತ್ತು. ಶೇಡ್ ಕಾರ್ಡುಗಳೆಲ್ಲ ಜೇನಿನಲ್ಲಿ ಅದ್ದಿ ತೆಗೆದಂತೆ ಹೊಳೆಯುತ್ತಿದ್ದವು. ಗಿರಾಕಿಗಳು "ಅಬ್ಬಾ!" ಎಂದರು. ಫೋಟೋ ತೆಗೆದರು. "ಯಾರು ಮಾಡಿದ್ದು?" ಎಂದು ಯಾರಾದರೂ ಕೇಳುವುದಕ್ಕೆ ಮೊದಲೇ ಸ್ವಿಚ್ಚಣ್ಣ ಕಂಬದ ಹಿಂದಿನಿಂದ ಹೊರಬಂದು, "ಅಯ್ಯೋ, ಅದೇನು ದೊಡ್ಡದು ಬಿಡಿ" ಎನ್ನುತ್ತಿದ್ದ. ಸೋಫಾದ ಕತೆ ಮಾತ್ರ ಬೇರೆ. ಹನ್ನೆರಡು ಬಿಳಿ ದೀಪಗಳ ಕೆಳಗೆ ಕೂತವರ ಒಂದೊಂದು ನರೆಗೂದಲೂ ಎಣಿಕೆಗೆ ಸಿಗುತ್ತಿತ್ತು. ಹಲ್ಲಿನ ಡಾಕ್ಟರು ಅಲ್ಲಿ ಐದು ನಿಮಿಷ ಕೂತವರು, ಪಕ್ಕದಲ್ಲಿ ಆಕಳಿಸಿದ ಅಪರಿಚಿತನ ಬಾಯೊಳಗೆ ಅಭ್ಯಾಸಬಲದಿಂದ ಬಗ್ಗಿ ನೋಡಿ, "ಮೇಲ್ಗಡೆ ಎರಡು ತೆಗೀಬೇಕು" ಎಂದುಬಿಟ್ಟರು.

"ಅಳಿಯಂದ್ರೇ, ಸೋಫಾ ಮೇಲೆ ಕೂತ್ರೆ ಆಪರೇಷನ್ ಥಿಯೇಟರ್ ಹಾಗಿದೆಯಲ್ಲ?" ಎಂದರು ಮಾವ.

"ಗಿರಾಕಿ ಎಚ್ಚರವಾಗಿರಬೇಕು ಮಾವ. ನಿದ್ದೆಗಣ್ಣಲ್ಲಿ ಬಣ್ಣ ಆರಿಸ್ಬಾರದು."

"ರ‍್ಯಾಕ್ ಕಡೆ ಬೆಳಕು ಸ್ವಲ್ಪ ಹಳದಿ ಅನ್ಸಲ್ವಾ?"

"ಭಾವನ ಡ್ರಾಯಿಂಗು, ನನ್ನ ಸರ್ಟಿಫಿಕೇಟು. ಎರಡೂ ಸೇರಿ ತಪ್ಪಾಗೋಕೆ ಸಾಧ್ಯವಾ ಮಾವ?"

ಮೂವತ್ತೈದು ವರ್ಷ ತನ್ನ ಕಣ್ಣನ್ನು ಬಿಟ್ಟು ಬೇರೆ ಏನನ್ನೂ ನಂಬದ ಮಾವ, ಚಿನ್ನದಂಚಿನ ಆ ಕಾಗದ ನೆನೆದು ಸುಮ್ಮನಾದರು.

ಬಣ್ಣ ಬಯಲಾಗಲು ಮೂರು ವಾರ ಹಿಡಿಯಿತು.

ಮೊದಲು ಬಂದವರು ಅದೇ ಹಲ್ಲಿನ ಡಾಕ್ಟರು. ಅವರಿಗೆ ಬೇಕಾಗಿದ್ದು ಶುಭ್ರ ಬಿಳಿ. ಹಳದಿ ದೀಪದ ಕೆಳಗೆ ಬಿಳಿಯೆಂದು ಅವರು ಬೊಟ್ಟಿಟ್ಟು ಆರಿಸಿದ್ದು ತೆಳು ನಿಂಬೆ ಹಳದಿ. "ಸ್ವಾಮೀ," ಎಂದರು ಮೂಗಿನಲ್ಲಿ ಮಾತಾಡುತ್ತ, "ನನ್ನ ಕ್ಲಿನಿಕ್ಕಿನ ನಾಲ್ಕೂ ಗೋಡೆ ಒಂದು ವರ್ಷ ಉಜ್ಜದ ಹಲ್ಲಿನ ಹಾಗಿದೆ. ನಿನ್ನೆ ಒಬ್ಬ ಪೇಷೆಂಟು ಒಳಗೆ ಬಂದು, ಗೋಡೆ ನೋಡಿ, 'ಡಾಕ್ಟ್ರೇ, ಮೊದಲು ಇದಕ್ಕೊಂದು ಕ್ಲೀನಿಂಗ್ ಮಾಡಿ' ಅಂತ ಹೇಳಿ ಎದ್ದುಹೋದ!"

ಎರಡನೆಯವರು ನಿವೃತ್ತ ಹೆಡ್‌ಮಿಸ್ಸು. ಇವರು ನಡೆದು ಬರುವ ಸದ್ದಿಗೆ ಇವತ್ತಿಗೂ ಐವತ್ತು ದಾಟಿದ ಗಂಡಸರು ಸಿಗರೇಟು ಬಚ್ಚಿಡುತ್ತಾರೆ. ಕಟ್ಟುನಿಟ್ಟಾದ ಬೂದು ಬಣ್ಣ ಬೇಕೆಂದು ಆರಿಸಿಕೊಂಡು ಹೋಗಿದ್ದರು. ಬಿಸಿಲಿಗೆ ಬಂದ ಬೂದು, ನಗುನಗುತ್ತ ತಿಳಿನೇರಳೆಯಾಗಿತ್ತು.

"ಇದು ಬೂದು ಬಣ್ಣಾನಾ?" ಎಂದರು.

"ಅಲ್ಲ ಮೇಡಂ," ಎಂದರು ಮಾವ, ಅರಿವಿಲ್ಲದೆ ಎದ್ದುನಿಂತು.

"ಹಾಗಾದ್ರೆ ಏನಿದು?"

"ನೇರಳೆ ಮೇಡಂ."

"ಜೋರಾಗಿ ಹೇಳಿ. ಹಿಂದಿನ ಬೆಂಚಿಗೆ ಕೇಳ್ತಿಲ್ಲ."

ಹಿಂದೆ ಇದ್ದದ್ದು ಸೋಫಾ. ಅದರ ಮೇಲೆ ಕೂತಿದ್ದ ಇಬ್ಬರು ಗಿರಾಕಿಗಳು ತಾವಾಗಿಯೇ ಕೈ ಕಟ್ಟಿಕೊಂಡರು.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು, ಯಾಕೆಂದರೆ ಅದು ಫೈಲಿನ ಜೊತೆ ಬಂತು. ನಗರಸಭೆಯ ಅಧಿಕಾರಿ ತಮ್ಮ ಕಚೇರಿಯ ಕಾಂಪೌಂಡಿಗೆ ಗಂಭೀರವಾದ ಮರಳು ಬಣ್ಣ ಮಂಜೂರು ಮಾಡಿದ್ದರು. ಎದ್ದುನಿಂತಿದ್ದು ಗುಲಾಬಿ. ದಾರಿಹೋಕರು ನವವಧೂವರರನ್ನು ಅದರ ಮುಂದೆ ನಿಲ್ಲಿಸಿ ಫೋಟೋ ತೆಗೆಯತೊಡಗಿದ್ದರು.

"ನೋಡಿ," ಎಂದರು ಅಧಿಕಾರಿ, ಪ್ರತಿ ಪದಕ್ಕೂ ಮೊಹರು ಒತ್ತಿದಂತೆ, "ಫೈಲಲ್ಲಿ ಮರಳು ಅಂತಿದೆ. ಗೋಡೆ ಗುಲಾಬಿ ಇದೆ. ಫೈಲು ತಪ್ಪಾಗೋ ಪ್ರಶ್ನೆಯೇ ಉದ್ಭವಿಸೋದಿಲ್ಲ. ಆದ್ದರಿಂದ ಗೋಡೆ ಮೇಲೆ ವಿಚಾರಣೆ ಇಟ್ಟಿದೀವಿ. ಈ ಗುಲಾಬಿ ಮರಳೇ ಅಂತ ನೀವು ಬರೆದು ಕೊಟ್ರೆ ಮಾತ್ರ ಕೈಬಿಡಬಹುದು."

ಮಾವ ಬೇರೆ ದಿನವಾಗಿದ್ದರೆ ಆ ಫೈಲನ್ನು ಅಧಿಕಾರಿಯ ಕಂಕುಳಿಗೇ ಮರಳಿ ತುರುಕುತ್ತಿದ್ದರು. ಆ ದಿನ ಮಾತ್ರ ಗೋಡೆಯ ಚೂರು ತರಿಸಿ ಕಟ್ಟೆಯ ಮೇಲೆ ಕಾರ್ಡಿನ ಪಕ್ಕ ಇಟ್ಟು ನೋಡಿದರು. ಎರಡೂ ಒಂದೇ, ಎರಡೂ ಮರಳು. ಚೂರನ್ನು ಬೀದಿಗೆ ಒಯ್ದು ನೋಡಿದರು. ಗುಲಾಬಿ. ಒಳಗೆ ತಂದರು. ಮರಳು. ಮೊದಲು ಪೇಂಟಿನ ಕಂಪನಿಯನ್ನು ಬೈದರು, ಆಮೇಲೆ ಬಳಿದವರನ್ನು. ಸರ್ಟಿಫಿಕೇಟು ಪಡೆದ ದೀಪವನ್ನು ಬೈಯುವಂತಿರಲಿಲ್ಲ; ಕೊನೆಗೆ ಬೈಯಲು ಯಾರೂ ಉಳಿಯದೆ ತಮ್ಮ ಕಣ್ಣನ್ನೇ ಹಿಡಿದರು.

ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, "ನಿಮ್ಮ ಕಣ್ಣು ನನ್ನ ಕಣ್ಣಿಗಿಂತ ಚೆನ್ನಾಗಿದೆ" ಎಂದರು. ಮಾವ ಅದನ್ನು ಸಮಾಧಾನದ ಮಾತೆಂದೇ ತಿಳಿದರು.

ಇತ್ತ ಸ್ವಿಚ್ಚಣ್ಣನ ಕೀರ್ತಿ ಮಾತ್ರ ಬೆಳಗುತ್ತಲೇ ಇತ್ತು. ಕ್ಷೌರದಂಗಡಿಯವನು ಕರೆದ, ಬಟ್ಟೆ ಅಂಗಡಿಯವನು ಕರೆದ. ಆತ ಹೋದಲ್ಲೆಲ್ಲ ಸೀಲಿಂಗು ನೋಡಿ "ಹ್ಞೂಂ" ಎನ್ನುವುದನ್ನು ಕಲಿತಿದ್ದ. ಆ ಹ್ಞೂಂಕಾರದಲ್ಲಿ ಇಡೀ ಮೂರು ದಿನದ ತರಬೇತಿ ಅಡಗಿತ್ತು. ಬೀದಿಯಲ್ಲಿ ಏಳುತ್ತಿದ್ದ ನೇರಳೆ, ಗುಲಾಬಿ, ನಿಂಬೆ ಮನೆಗಳನ್ನು ಕಂಡು, "ಜನರ ಅಭಿರುಚಿ ಹಾಳಾಯ್ತು" ಎಂದು ಹೆಂಡತಿಯೆದುರು ನಿಟ್ಟುಸಿರಿಟ್ಟ.

ಹೆಂಡತಿ ನಗಲಿಲ್ಲ. ಬೆಳಗಿನಿಂದ ಅವಳ ಮುಖ ಇಳಿದಿತ್ತು.

"ಅಪ್ಪನ ಮನೆಗೆ ಹೋಗಿದ್ದೆ. ನನ್ನ ಚೀಲ ತೋರಿಸಿ, 'ಇದು ಯಾವ ಬಣ್ಣಾನಮ್ಮ?' ಅಂತ ಕೇಳಿದ್ರು ಕಣ್ರೀ. ಅಪ್ಪ! ನನ್ನನ್ನ! ಚಿಕ್ಕವಳಿದ್ದಾಗ ನನ್ನ ಜ್ವರ ಎಷ್ಟಿದೆ ಅಂತ ಕೆನ್ನೆ ಬಣ್ಣ ನೋಡಿ ಹೇಳ್ತಿದ್ರು."

"ನೀನೇನಂದೆ?"

"ಹಸಿರು ಅಂದೆ. 'ಹೌದಾ? ಹಾಗಾದ್ರೆ ಹಸಿರೇ ಇರಬೇಕು ಬಿಡು' ಅಂದ್ರು. ನಾಳೆ ಕಂಪ್ಯೂಟರ್ ಮೆಷೀನಿನವರು ಬರ್ತಾರಂತೆ. ಸಹಿ ಹಾಕಿ ಅಂಗಡಿ ಕೆಲಸ ಅವರಿಗೊಪ್ಪಿಸಿ ಮನೇಲಿ ಕೂರ್ತಾರಂತೆ. ಇನ್ಮೇಲೆ ಬಣ್ಣ ಮುಟ್ಟಲ್ವಂತೆ."

ಸ್ವಿಚ್ಚಣ್ಣ ಎದ್ದು ಹೋಗಿ ಸರ್ಟಿಫಿಕೇಟಿನ ಮೇಲಿನ ಪುಟ್ಟ ದೀಪ ಆರಿಸಿದ. ಯಾಕೆಂದು ಅವನಿಗಿನ್ನೂ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಗೊತ್ತಾಯಿತು. ಹೋಟೆಲ್ ಕೆಲಸ ಮುಗಿಸಿ ಬಂದ ಷಡ್ಡಕ, ಅಂಗಡಿಯ ಗಾಜಿನ ಬಾಗಿಲು ತಳ್ಳಿ ಒಳಗೆ ಕಾಲಿಟ್ಟವನು ಹೊಸ್ತಿಲಲ್ಲೇ ನಿಂತ. ರ‍್ಯಾಕಿನ ಮೇಲಕ್ಕೆ ನೋಡಿದ. ಸೋಫಾದ ಮೇಲಕ್ಕೆ ನೋಡಿದ. ಸಹಿಯ ಸುದ್ದಿ ಕೇಳಿ ಅಲ್ಲಿಗೆ ಬಂದಿದ್ದ ಸ್ವಿಚ್ಚಣ್ಣನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದ.

"ಡ್ರಾಯಿಂಗ್ ಹೇಗೆ ಓದಿದ್ರಿ?"

"ಮಲ್ಕೊಂಡು, ಭಾವ."

"ಮಲ್ಕೊಂಡಾ?"

"ಅಂಗಾತ."

ಷಡ್ಡಕ ವಿದ್ಯುತ್ ಕಂಬಕ್ಕೆ ಹಣೆ ಒತ್ತಿದ. ಆಮೇಲೆ, ಪುಟ್ಟ ಮಗುವಿಗೆ ಹೇಳುವಂತೆ, "ಅಂಗಡಿಯ ನೆಲ ಪೂರ್ತಿ ಕನ್ನಡಿ ಅಂದ್ಕೊಳ್ಳಿ. ನಿಂತು ಬಗ್ಗಿ ನೋಡಿದ್ರೆ ಆ ಕನ್ನಡೀಲಿ ಸೀಲಿಂಗು ಕಾಣುತ್ತಲ್ವಾ? ಅದನ್ನೇ ನಾವು ಬರೆಯೋದು. ನಿಂತ್ಕೊಂಡು ನೋಡ್ಬೇಕು. ಇಡೀ ಪ್ರಪಂಚದಲ್ಲಿ ಸೀಲಿಂಗ್ ಡ್ರಾಯಿಂಗ್‌ನ ಮಲ್ಕೊಂಡು ಓದಿದ ಏಕೈಕ ಮನುಷ್ಯ ನೀವು!" ಎಂದ.

ಬೇರೆ ಯಾವ ದಿನವಾದರೂ 'ಏಕೈಕ' ಎಂಬ ಪದಕ್ಕೆ ಸ್ವಿಚ್ಚಣ್ಣ ಉಬ್ಬುತ್ತಿದ್ದ. ಈಗ ಅವನ ಕಣ್ಣೆದುರು ಇಡೀ ಬೀದಿ ಸಾಲಾಗಿ ನಿಂತಿತು. ನಿಂಬೆ, ನೇರಳೆ, ಗುಲಾಬಿ. ಅದರ ಹಿಂದೆ, ಮಗಳ ಚೀಲ ಕೈಯಲ್ಲಿ ಹಿಡಿದುಕೊಂಡು ನಿಂತ ಮಾವ.

"ಹಾಗಾದ್ರೆ ಮಾವನ ಕಣ್ಣು..."

"ಮಾವನ ಕಣ್ಣಿಗೇನಾಗಿದೆ, ಕಲ್ಲುಗುಂಡಿನ ಹಾಗೆ ಗಟ್ಟಿಯಾಗಿದೆ. ಅದಿರಲಿ, ಮೆತ್ತಗೆ ಮಾತಾಡಿ." ಷಡ್ಡಕ ಆಚೀಚೆ ನೋಡಿದ. "ಭಾನುವಾರ ಅಂಗಡಿ ರಜ. ಹೋಗಿ ದೀಪ ಅದಲುಬದಲು ಮಾಡ್ಬಿಡಿ. ಯಾರಿಗೂ ಗೊತ್ತಾಗಲ್ಲ. ಡ್ರಾಯಿಂಗ್ ಮೇಲೆ ನನ್ನ ಹೆಸರಿದೆ. ನಿಮ್ಮ ಹೆಸರೂ ಈಗ ತಾನೇ ಏಳ್ತಾ ಇದೆ. ಇಬ್ಬರ ಮರ್ಯಾದೆನೂ ಉಳಿಯುತ್ತೆ."

"ಮಾವ ಸಹಿ ಹಾಕೋದು ಇವತ್ತು ಭಾವ."

"ಮೆಷೀನು ಒಳ್ಳೇದೇ ರೀ. ಅವರಿಗೂ ವಯಸ್ಸಾಯ್ತು."

ಒಳಗೆ ಆಗಲೇ ಸಭೆ ಸೇರಿತ್ತು. ಹಲ್ಲಿನ ಡಾಕ್ಟರು, ಹೆಡ್‌ಮಿಸ್ಸು, ಫೈಲಿನ ಸಮೇತ ಅಧಿಕಾರಿ ಮೂವರೂ ಬಿಳಿ ದೀಪದಡಿ ಸೋಫಾದಲ್ಲಿ ವಿಚಾರಣೆಗೆ ಕೂತ ನ್ಯಾಯಾಧೀಶರಂತಿದ್ದರು. ಮೆಷೀನ್ ಕಂಪನಿಯ ಏಜೆಂಟ್ ಟೈ ಸರಿಮಾಡಿಕೊಳ್ಳುತ್ತ, "ನಿಮ್ಮ ಕಣ್ಣಿಗಿನ್ನು ಪೂರ್ತಿ ವಿಶ್ರಾಂತಿ ಸಾರ್. ಗುಂಡಿ ಒತ್ತಿದ್ರೆ ಬಣ್ಣ. ಮಂಗ ಕೂಡ ಒತ್ತಬಹುದು" ಎಂದು ಕಾಗದ ಚಾಚಿದ. ಮಾವ ಮೂವತ್ತೈದು ವರ್ಷದ ಮರದ ಕಡ್ಡಿಯನ್ನು ಒರೆಸಿ ಕಟ್ಟೆಯ ಮೇಲೆ ಅಡ್ಡಡ್ಡ ಇಟ್ಟರು. ಪೆನ್ನಿನ ಮುಚ್ಚಳ ತೆಗೆದರು.

"ನಿಲ್ಲಿ!"

ಎಲ್ಲರೂ ತಿರುಗಿದರು. ಬಾಗಿಲಲ್ಲಿ ಸ್ವಿಚ್ಚಣ್ಣ ಎರಡೂ ಕೈ ಮೇಲೆತ್ತಿ ನಿಂತಿದ್ದ. ತಪ್ಪೊಪ್ಪಿಗೆಯನ್ನು ಎಲ್ಲಿಂದ ಶುರು ಮಾಡಬೇಕೆಂದು ತರಬೇತಿಯಲ್ಲಿ ಹೇಳಿಕೊಟ್ಟಿರಲಿಲ್ಲ. ಹೀಗಾಗಿ ಗೊತ್ತಿದ್ದ ಕಡೆಯಿಂದ ಶುರು ಮಾಡಿದ.

"ಬೆಳಕು ಎಂದರೇನು?" ಎಂದ.

"ಅಳಿಯಂದ್ರೇ, ಈಗಲೇ ಬೇಕಾ ಅದು?" ಎಂದರು ಮಾವ.

"ಬೇಕು ಮಾವ. ಬೆಳಕು ಎಂಬುದು ಸೂರ್ಯ, ದೀಪ ಮುಂತಾದ ಮೂಲಗಳಿಂದ..."

"ವಿಷಯಕ್ಕೆ ಬಾ," ಎಂದರು ಹೆಡ್‌ಮಿಸ್ಸು. ಆ ಎರಡು ಪದದಲ್ಲಿ ಬೆತ್ತ ಇತ್ತು.

"ನಾನು ಮಲಗಿಬಿಟ್ಟೆ ಮೇಡಂ!" ಎಂದ ಸ್ವಿಚ್ಚಣ್ಣ, ನಾಲ್ಕನೇ ಕ್ಲಾಸಿನ ದನಿಯಲ್ಲಿ. "ನಿಂತು ಓದೋ ಡ್ರಾಯಿಂಗ್‌ನ ಮಲ್ಕೊಂಡು ಓದಿಬಿಟ್ಟೆ. ಬಿಳಿ ದೀಪ ಬಣ್ಣದ ಮೇಲೆ ಬರ್ಬೇಕಾಗಿತ್ತು, ನಿಮ್ಮ ತಲೆ ಮೇಲೆ ಬಂತು. ಹಳದಿ ದೀಪ ನಿಮ್ಮ ತಲೆ ಮೇಲೆ ಬರ್ಬೇಕಾಗಿತ್ತು, ಬಣ್ಣದ ಮೇಲೆ ಬಂತು. ಡ್ರಾಯಿಂಗ್ ಸರಿಯಾಗೇ ಇತ್ತು. ಕಂಪನಿಯ ತಪ್ಪಿಲ್ಲ, ಗೋಡೆಯ ತಪ್ಪಿಲ್ಲ. ಮಾವ, ಹಳದಿ ಅನ್ಸಲ್ವಾ ಅಂತ ನೀವು ಮೊದಲನೇ ದಿನವೇ ಕೇಳಿದ್ರಿ. ನಿಮ್ಮ ಕಣ್ಣು ಅವತ್ತೇ ಹಿಡಿದಿತ್ತು. ನಾನೇ ಸರ್ಟಿಫಿಕೇಟು ತೋರಿಸಿ ಅದರ ಬಾಯಿ ಮುಚ್ಚಿಸಿದೆ."

ಏಜೆಂಟ್ ಮೆಲ್ಲಗೆ, "ಸಾರ್, ಸಹಿ..." ಎಂದ.

ಮಾವ ಪೆನ್ನು ಹಿಡಿದ ಕೈ ಅಲ್ಲೇ ನಿಂತಿತ್ತು. ನಂಬಬೇಕೆಂಬ ಆಸೆ, ನಂಬಲು ಭಯ. "ಸುಮ್ನೆ ನನ್ನ ಸಮಾಧಾನಕ್ಕೆ ಹೇಳ್ತಿದೀರಿ," ಎಂದರು.

"ಹಾಗಾದ್ರೆ ಹೊರಗೆ ಬನ್ನಿ ಮಾವ!"

ಸ್ವಿಚ್ಚಣ್ಣ ರ‍್ಯಾಕಿಗೆ ನುಗ್ಗಿ ಎರಡು ಕಂಕುಳ ತುಂಬ ಶೇಡ್ ಕಾರ್ಡು ಬಾಚಿಕೊಂಡು ಬೀದಿಗೆ ಓಡಿದ. ಹೊರಗೆ ಹತ್ತು ಗಂಟೆಯ ಬಿಸಿಲು. ನಡುಬೀದಿಯಲ್ಲಿ ನಿಂತು, ಒಂದು ಕಾರ್ಡಿನ ನಂಬರನ್ನು ಹೆಬ್ಬೆರಳಲ್ಲಿ ಮುಚ್ಚಿ ಎತ್ತಿ ಹಿಡಿದ. ಸೈಕಲ್ಲೊಂದು ನಿಂತಿತು. ಕ್ಷೌರದಂಗಡಿಯಿಂದ ಒಂದು ಕೆನ್ನೆಗೆ ಮಾತ್ರ ಸೋಪಿನ ನೊರೆ ಹಚ್ಚಿಕೊಂಡಿದ್ದ ಗಿರಾಕಿ ಎದ್ದುಬಂದ.

ಮಾವ ಹೊಸ್ತಿಲು ದಾಟಿದರು. ಒಂದು ಕಣ್ಣು ಮುಚ್ಚಿದರು.

"ಮುನ್ನೂರ... ನಾಲ್ಕು?"

ಸ್ವಿಚ್ಚಣ್ಣ ಹೆಬ್ಬೆರಳು ತೆಗೆದ. ಹೆಡ್‌ಮಿಸ್ಸು ಕನ್ನಡಕ ಏರಿಸಿ ಓದಿದರು. "ಮುನ್ನೂರ ನಾಲ್ಕು. ಸರಿ ಉತ್ತರ. ಮುಂದಿನದು."

"ತೊಂಬತ್ತೊಂದು."

"ಸರಿ."

"ನೂರ ಅರವತ್ತು... ಅಲ್ಲ, ನೂರ ಅರವತ್ತೊಂದು! ನೂರ ಅರವತ್ತರಲ್ಲಿ ಇಷ್ಟು ಕೆಂಪಿಲ್ಲ."

"ಸರಿ!" ಹೆಡ್‌ಮಿಸ್ಸಿನ ದನಿ ಅವರಿಗೇ ಗೊತ್ತಿಲ್ಲದಂತೆ ಏರಿತು. ನಲವತ್ತು ವರ್ಷದ ಸೇವೆಯಲ್ಲಿ ಅವರಿಗೆ ಇಂಥ ವಿದ್ಯಾರ್ಥಿ ಸಿಕ್ಕಿರಲಿಲ್ಲ.

ಹತ್ತು ಕಾರ್ಡಾಯಿತು, ಇಪ್ಪತ್ತಾಯಿತು. ಮಾವನ ಬೆನ್ನು ಒಂದೊಂದು ನಂಬರಿಗೂ ಒಂದೊಂದು ಗೆಣ್ಣು ನೆಟ್ಟಗಾಗುತ್ತ ಬಂತು. ಕಾರ್ಡು ಮುಗಿದ ಮೇಲೆ ಜನ ಕೈಗೆ ಸಿಕ್ಕಿದ್ದನ್ನು ಚಾಚತೊಡಗಿದರು. ಡಾಕ್ಟರು ತಮ್ಮ ಬಿಳಿ ಕೋಟಿನ ತುದಿ ಹಿಡಿದರು.

"ಇದು ಬಿಳಿ ಅಂತ ಯಾರು ಹೇಳಿದ್ದು? ಏಳನೇ ನಂಬರು. ನೀಲಿ ಸ್ವಲ್ಪ ಜಾಸ್ತಿ ಹಾಕಿ ಒಗೆದಿದಾರೆ."

"ಹೌದು," ಎಂದರು ಡಾಕ್ಟರು ಬೆರಗಾಗಿ, "ನಾನೇ ಒಗೆದದ್ದು."

ಅಧಿಕಾರಿ ಅನುಮಾನಿಸುತ್ತ ಫೈಲನ್ನೇ ಮುಂದಿಟ್ಟರು.

"ನೂರ ನಲವತ್ತಾರು, ಎರಡು ಹನಿ ಕಪ್ಪು. ಇಲ್ಲಿ ಕೆಳಗೆ ಚಹಾ ಬಿದ್ದಿದೆ ನೋಡಿ, ಅಲ್ಲಿ ಮಾತ್ರ ನೂರ ಐವತ್ತು. ಹಾಲು ಕಮ್ಮಿ ಹಾಕ್ತಾರೆ ನಿಮ್ಮ ಆಫೀಸಲ್ಲಿ."

ಅಧಿಕಾರಿ ಮೊದಲ ಬಾರಿಗೆ ಮೊಹರಿಲ್ಲದೆ ಮಾತಾಡಿದರು. "ಹೌದೂ ರೀ. ತುಂಬಾ ಕಮ್ಮಿ."

ಬೀದಿ ಚಪ್ಪಾಳೆ ಹೊಡೆಯಿತು. ಏಜೆಂಟ್ ಕೂಡ ಮರೆತು ಎರಡು ಸಲ ಹೊಡೆದು, ನೆನಪಾಗಿ ಕೈ ಹಿಂದಕ್ಕೆಳೆದುಕೊಂಡ. ಮಾವ ಅವನ ಕಡೆ ತಿರುಗಿದರು. ಪೂರ್ತಿ ನೆಟ್ಟಗಾದ ಮಾವನನ್ನು ಅವನು ನೋಡಿದ್ದು ಅದೇ ಮೊದಲು.

"ಏನಂದ್ರಿ ಆಗ? ಮಂಗ ಕೂಡ ಒತ್ತಬಹುದು ಅಂದ್ರಲ್ವಾ? ಅದಕ್ಕೇ ಕೊಡಿ ಹೋಗಿ. ನಿಮ್ಮ ಟೈ ಎಂಬತ್ತೆರಡು, ಒಂದು ಸಲ ಒಗೆದಿದ್ರೆ ಎಂಬತ್ತು."

ಏಜೆಂಟ್ ಕಾಗದ ಮಡಚಿಕೊಂಡ. ಮಾವ ಡಾಕ್ಟರಿಗೂ ಅಧಿಕಾರಿಗೂ, "ಎರಡೂ ಗೋಡೆಗೆ ನಾನೇ ಖುದ್ದಾಗಿ ಕಲಸಿ ಕೊಡ್ತೀನಿ. ಈ ಬೀದೀಲಿ ಕೂತು, ಈ ಬಿಸಿಲಲ್ಲಿ" ಎಂದರು. ಹೆಡ್‌ಮಿಸ್ಸಿನ ಕಡೆ ತಿರುಗಿದಾಗ ಅವರು ಬೇರೆಲ್ಲೋ ನೋಡುತ್ತ, "ನನ್ನದು ಇರಲಿ ಬಿಡಿ. ನೇರಳೆ ಮನೆಗೆ ಮಕ್ಕಳು ಹೆದರದೆ ಬರ್ತಿವೆ" ಎಂದರು.

ಇನ್ನು ಉಳಿದವನು ಒಬ್ಬನೇ. ನಡುಬೀದಿಯಲ್ಲಿ, ಸುತ್ತ ಹರಡಿದ ಕಾರ್ಡುಗಳ ಮಧ್ಯೆ ಸ್ವಿಚ್ಚಣ್ಣ ನಿಂತಿದ್ದ. ಬಾಗಿಲ ಮರೆಯಿಂದ ಷಡ್ಡಕ ತಲೆ ಹೊರಗೆ ಹಾಕುತ್ತ ಒಳಗೆ ಎಳೆದುಕೊಳ್ಳುತ್ತ ಇದ್ದ. ಸ್ವಿಚ್ಚಣ್ಣನ ಹೆಂಡತಿ ಯಾವಾಗಲೋ ಬಂದು ಗುಂಪಿನ ಅಂಚಿನಲ್ಲಿ ನಿಂತಿದ್ದಳು. ಅಪ್ಪನನ್ನೂ ಗಂಡನನ್ನೂ ಸರದಿಯ ಮೇಲೆ ನೋಡುತ್ತ, ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡುತ್ತಿದ್ದಳು. ನಾಚಿಕೆ, ಬಿಸಿಲು, ಓಡಿದ ಬೆವರು, ಅಷ್ಟು ಜನರೆದುರು ಇದ್ದ ತಪ್ಪನ್ನೆಲ್ಲ ಸುರಿದ ಹಗುರ, ಎಲ್ಲವೂ ಸ್ವಿಚ್ಚಣ್ಣನ ಮುಖಕ್ಕೆ ಒಟ್ಟಿಗೇ ಏರಿದ್ದವು.

ಕೆನ್ನೆಗೆ ನೊರೆ ಹಚ್ಚಿಕೊಂಡಿದ್ದವನು ಕೂಗಿದ: "ಯಜಮಾನ್ರೇ, ನಿಮ್ಮ ಅಳಿಯಂದಿರ ಮುಖದ ಬಣ್ಣ ಯಾವ ನಂಬರು?"

ಬೀದಿ ಘೊಳ್ಳೆಂದಿತು. ಮಾವ ನಗಲಿಲ್ಲ. ಹತ್ತಿರ ಬಂದರು. ಅಳಿಯನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. ಒಂದು ಕಣ್ಣು ಮುಚ್ಚಿದರು. ಬಹಳ ಹೊತ್ತು ನೋಡಿದರು, ಅಷ್ಟು ಹೊತ್ತು ಅವರು ಯಾವ ಬಣ್ಣವನ್ನೂ ನೋಡಿದ್ದಿಲ್ಲ. ಗುಂಪಿನ ನಗು ತಾನಾಗಿಯೇ ಇಳಿಯಿತು.

"ಇದು ಕಾರ್ಡಲ್ಲಿಲ್ಲ," ಎಂದರು ಕೊನೆಗೆ, ಇಡೀ ಬೀದಿಗೆ ಕೇಳುವಂತೆ. "ಯಾವ ಕಂಪನೀಲೂ ಸಿಗಲ್ಲ, ಯಾವ ಮೆಷೀನಲ್ಲೂ ಬರಲ್ಲ. ಇರೋದು ಒಂದೇ ಪೀಸು. ನಮ್ಮನೇದು."

ಅದು ಹೊಗಳಿಕೆಯೋ ಉಗಿತವೋ ಎಂದು ಗುಂಪು ಇವತ್ತಿಗೂ ಚರ್ಚೆ ಮಾಡುತ್ತದೆ. ಸ್ವಿಚ್ಚಣ್ಣ ಚರ್ಚೆಗೆ ಹೋಗಲಿಲ್ಲ. ಎದೆ ಮುಂದೆ ಮಾಡಿಕೊಂಡು, ಕಾರ್ಡುಗಳನ್ನೆಲ್ಲ ಒಂದೊಂದಾಗಿ ಆರಿಸಿ, ಧೂಳು ಒರೆಸಿ, ನಂಬರಿನ ಪ್ರಕಾರ ಜೋಡಿಸಿ, ಮಾವನ ಹಿಂದೆ ಅಂಗಡಿಯೊಳಕ್ಕೆ ನಡೆದ.